ಹೊಗೆ ಯಾರ ಕಡೆಗೆ

ಹೊಳೆ ಸಮುದ್ರ ಸೇರುವಲ್ಲಿ ನಮ್ಮೂರು; ಹೊಳೆಯಾಚೆ ಬೇರೆ ದೇಶ. ಅಲ್ಲಿಯ ಅಣುಸ್ಥಾವರ ಬೇಡವೆಂದು ನಾವು ವರ್ಷಗಟ್ಟಲೆ ಕೂಗಿದರೂ ಯಾವ ದೊರೆಯ ಕಿವಿಗೂ ಬೀಳಲಿಲ್ಲ. ಇವತ್ತು ಅದು ಸ್ಫೋಟಿಸಿ, ಹೊಗೆ ನಮ್ಮತ್ತಲೇ ಬರುತ್ತಿತ್ತು.

ಗಾಳಿ ತಿರುಗಲೆಂದು ಸಮುದ್ರಕ್ಕೆ ಕಾಯಿ ಒಡೆಯಬೇಕಾದವರು ನಮ್ಮೂರಿನ ಹಿರಿಯ, ಗುರಿಕಾರ ದೂಮಣ್ಣ. ಅವರ ಕೈ ಏಳಲೇ ಇಲ್ಲ.

“ಒಡೀರಿ ಮಾರಾಯ್ರೇ, ಮಕ್ಕಳು ಕೆಮ್ತಾ ಇದ್ದಾವೆ!” ಎಂದು ನಾನು ಕಿರುಚಿದೆ.

“ಆಚೆಯೂ ಮಕ್ಕಳಿದ್ದಾವಲ್ಲ ಮಾರಾಯ.”

“ಅವರ ಒಲೆ, ಅವರ ಹೊಗೆ. ಅವರೇ ಕುಡೀಲಿ!”

ದೂಮಣ್ಣ ಕಣ್ಣು ಮುಚ್ಚಿ ಒಡೆದರು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು. ನಾವೆಲ್ಲ ಕುಣಿದೆವು.

ಆಗ ಅವರ ಮೊಬೈಲು ಹೊಡೆದುಕೊಂಡಿತು. ಆಚೆ ದಡಕ್ಕೆ ಮದುವೆಯಾಗಿ ಹೋದ ಮಗಳ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಅಪ್ಪಾ, ಗಾಳಿ ನಮ್ಮ ಕಡೆ ತಿರುಗಿತು. ನಿಮ್ಮ ಹರಕೆ ಯಾವತ್ತೂ ಸುಳ್ಳಾಗ್ಲಿಲ್ಲ, ನಮಗೂ ಒಂದು ಕಾಯಿ ಒಡೀರಿ.”