ಹಕ್ಕಿ ನೋಡುವ ಬಯಕೆ

ಪೀಂ ಪೀಂ ಎಂದು ಎರಡು ಹಾರ್ನ್ ಹೊಡೆದು ಹೊನ್ನೂರುಸ್ವಾಮಿ ಕಾರನ್ನು ಮುಂದಕ್ಕೆ ಬಿಟ್ಟದ್ದೇ ತಡ, ದರೋಜಿ ಕೆರೆಯ ಅಂಚಿನಲ್ಲಿ ನಿಂತಿದ್ದ ಕೊಕ್ಕರೆಗಳೆಲ್ಲ ಎದ್ದು ಆಚೆ ದಡಕ್ಕೆ ಹೋದವು. ಗಾಜು ಇಳಿಸಿಕೊಂಡು ಕುತ್ತಿಗೆ ಚಾಚಿದ್ದ ಅವನ ಹೆಂಡತಿ ಗಾಯತ್ರಿ ಇತ್ತ ತಿರುಗಿದಳು.

“ಮತ್ತ ಹೊಡದ್ರಿ?”

“ಕೈ ತಾನಾ ಹೋತು. ಏನ್ ಮಾಡ್ಲಿ?”

ಕೈಯದೂ ಅಂಥ ತಪ್ಪಿರಲಿಲ್ಲ. ಹನ್ನೆರಡು ವರ್ಷದಿಂದ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸಿದ ಕೈ ಅದು. ಅಲ್ಲಿಯ ಕಾಯಿದೆ ಎಂದರೆ ಕಾಯಿದೆ: ಇಂಜಿನ್ ಚಾಲೂ ಮಾಡುವಾಗ ಒಂದು ಹಾರ್ನ್, ಮುಂದೆ ಹೋಗಲು ಎರಡು, ಹಿಂದೆ ಬರಲು ಮೂರು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಬೈಕಿನ ಮೇಲೆ ಮೊದಲ ಸಲ ಕೂರಿಸಿಕೊಂಡಾಗಲೂ ಈ ಪುಣ್ಯಾತ್ಮ ಎರಡು ಸಲ ಹಾರ್ನ್ ಹೊಡೆದೇ ಹೊರಟಿದ್ದ.

ಇವತ್ತು ಮಾತ್ರ ಆ ಅಭ್ಯಾಸ ಅವನ ಮಾನ ಕಳೆಯುತ್ತಿತ್ತು. ಗಾಯತ್ರಿಗೆ ಏಳು ತಿಂಗಳು. ನಾಳೆ ಕಂಪ್ಲಿಯಿಂದ ತವರಿನವರು ಬಂದು ಚೊಚ್ಚಲ ಹೆರಿಗೆಗೆ ಕರೆದೊಯ್ಯುವವರಿದ್ದರು. ಅದಕ್ಕೆ ಮುಂಚೆ ಬಸುರಿಯ ಬಯಕೆ ತೀರಿಸಬೇಕೆಂದು ಅವನ ತಾಯಿ ಭರಮಮ್ಮ ಕೇಳಿದರೆ, ಈಕೆ ಹುಣಸೆಕಾಯಿ ಬೇಡಲಿಲ್ಲ, ಹೋಳಿಗೆ ಬೇಡಲಿಲ್ಲ. ಕುರೆಕುಪ್ಪದ ತಮ್ಮ ಮನೆಯ ಮೇಲೆ ಹಾದುಹೋಗುವ ಹಕ್ಕಿ ನೋಡಿ ಸಾಕಾಗಿದೆ, ಒಂದೇ ಒಂದು ಹಕ್ಕಿ ಹಾರದೆ ಕುಳಿತದ್ದನ್ನು ಕಣ್ತುಂಬ ನೋಡಬೇಕು ಎಂದಳು. ಭರಮಮ್ಮ ಹಣೆ ಚಚ್ಚಿಕೊಂಡಳು. ಆದರೂ ಬಯಕೆ ಬಯಕೆಯೇ. “ತೀರಿಸ್ಲಿಲ್ಲಂದ್ರ ಹುಟ್ಟಿದ ಕೂಸಿನ ಕಿವಿ ಸೋರತೈತಿ. ಹಕ್ಕಿ ತೋರಿಸದ ಮನಿಗೆ ಬರಬ್ಯಾಡ” ಎಂದು ಮಗನಿಗೆ ತಾಕೀತು ಮಾಡಿ, ಪಕ್ಕದ ಮನೆ ಜಡೆಪ್ಪನ ಕಾರನ್ನು ತಾನೇ ಕೇಳಿ ಕೊಡಿಸಿದ್ದಳು.

ದಾರಿಯುದ್ದಕ್ಕೂ ಹೊಂಗೆ ಚಿಗುರಿ ಮಿರಮಿರ ಮಿಂಚುತ್ತಿತ್ತು. ತಂತಿಯ ಮೇಲೆ ನೀಲಕಂಠ ಕೂತಿತ್ತು. ನಿಲ್ಲಿಸಿ, ಇಂಜಿನ್ ಆರಿಸಿ, ಜಾಗ ಸರಿಯಿಲ್ಲವೆಂದು ಮತ್ತೆ ಚಾಲೂ ಮಾಡಿದ; ಒಂದು ಹಾರ್ನಿಗೆ ಅದು ಹೋಯಿತು. ಮುಂದೆ ಗದ್ದೆಯ ಬದುವಿನ ಹತ್ತಿರ ಮೂರು ಹಾರ್ನಿಗೆ ಬೆಳ್ಳಕ್ಕಿಗಳು ಹೋದವು, ಅವು ಕೂತಿದ್ದ ಎಮ್ಮೆಯೂ ಎದ್ದು ಹೋಯಿತು.

“ಕೂಸಿನ ಕಿವಿ ಸೋರಿದ್ರ ದವಾಖಾನಿಗೆ ನೀವಾ ಹೊತ್ಕೊಂಡು ತಿರಗ್ರಿ” ಎಂದಳು ಗಾಯತ್ರಿ. ನಗುತ್ತಲೇ ಅಂದಳು, ಆದರೆ ಕಣ್ಣು ತುಸು ಒದ್ದೆಯಾಗಿತ್ತು.

ಕಡೆಗೆ ಕಾಲುವೆಯ ಪಕ್ಕದ ಕಚ್ಚಾ ದಾರಿ ಹಿಡಿದರು. ಅದು ಒಂದು ತೂಬಿನ ಬಳಿ ಮುಗಿದೇಹೋಯಿತು. ಹಿಂದಕ್ಕೆ ಬರುವುದೊಂದೇ ಗತಿ. ಹಾರ್ನಿನ ಮೇಲೆ ಹೋಗುತ್ತಿದ್ದ ಕೈಯನ್ನು ಗಾಯತ್ರಿ ಗಪ್ಪನೆ ಹಿಡಿದಳು.

“ಹಾರ್ನ್ ಹೊಡೀದ ಹಿಂದಕ ಬಿಟ್ರ ನನ್ನ ಎದಿ ಡವಡವ ಅಂತೈತಿ ಗಾಯತ್ರಿ. ಹಿಂದ ಯಾರದಾರೋ ಏನೋ.”

“ಹಂಗಾದ್ರ ಇಳದು ನೋಡಿ ಬರ್ರಿ.”

ಇಳಿದ. ಕಾರಿನ ಹಿಂದಿನ ಎಡಗಾಲಿಯಿಂದ ಎರಡು ಮೊಳ ಹಿಂದೆ, ಗರಸಿನ ನೆಲದ ಮೇಲೆ, ಟಿಟ್ಟಿಭ ಹಕ್ಕಿಯೊಂದು ಕೂತಿತ್ತು. ಬರುವಾಗ ಗಾಲಿ ಅದರ ಪಕ್ಕದಲ್ಲೇ ಹಾದುಬಂದಿತ್ತು. ಇವನನ್ನು ಕಂಡು ಹಾರಿಹೋಗುವುದು ಬಿಟ್ಟು, ಉದ್ದನೆಯ ಹಳದಿ ಕಾಲೂರಿ ಎದ್ದು ನಿಂತು, ಎರಡೂ ರೆಕ್ಕೆ ಅಗಲಿಸಿ ಬಾಯಿಗೆ ಬಂದಂತೆ ಒದರತೊಡಗಿತು. ಅದರ ಕಾಲ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ತತ್ತಿ. ಗುಡ್ಡವನ್ನೇ ಹೊತ್ತು ಸಾಗಿಸುವ ಹೊನ್ನೂರುಸ್ವಾಮಿ ನಾಲ್ಕು ಹೆಜ್ಜೆ ಹಿಂದೆ ಸರಿದ.

“ಗಾಯತ್ರಿ, ಜಲ್ದಿ ಬಾ! ಬ್ಯಾಡ ಬ್ಯಾಡ, ಮೆಲ್ಲಕ ಬಾ.”

ದೂರ ಹೊಂಗೆಯ ನೆರಳಲ್ಲಿ ಟವೆಲ್ ಹಾಸಿ ಅವಳನ್ನು ಕೂರಿಸಿದ. ಹಕ್ಕಿ ಬೈದು ಬೈದು ಸಾಕಾಗಿ, ಹೊಟ್ಟೆ ಸರಿಮಾಡಿಕೊಂಡು ತತ್ತಿಗಳ ಮೇಲೆ ಕೂತಿತು. ಬಿಸಿಲಿಗೆ ಬಾಯಿ ತೆರೆದು ತೇಕುತ್ತಿತ್ತೇ ಹೊರತು ಏಳಲಿಲ್ಲ. ಗಾಯತ್ರಿ ಗಲ್ಲಕ್ಕೆ ಕೈ ಕೊಟ್ಟು ರೆಪ್ಪೆ ಬಡಿಯದೆ ನೋಡಿದಳು. ಅರ್ಧ ತಾಸಿನ ಮೇಲೆ ಕಾಲುವೆಯ ಕಡೆಯಿಂದ ಇನ್ನೊಂದು ಟಿಟ್ಟಿಭ ಗುಡುಗುಡು ನಡೆದು ಬಂತು. ಅದರ ಹೊಟ್ಟೆಯ ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲಿನದು ಎದ್ದು, ತಿರುಗಿ ಕೂಡ ನೋಡದೆ ಗದ್ದೆಗೆ ಇಳಿಯಿತು. ಬಂದದ್ದು ಅದರ ಜಾಗದಲ್ಲಿ ಕೂತಿತು.

“ಗಂಡ ಬಂದ” ಎಂದಳು ಗಾಯತ್ರಿ.

“ಎರಡೂ ಒಂದಾ ಥರ ಅದಾವಲ್ಲ. ಗಂಡ ಅಂತ ಹೆಂಗ್ ಗೊತ್ತಾತು?”

“ತಡಾ ಮಾಡಿ ಬಂದನಲ್ರಿ.”

“ಹೊಟ್ಟಿ ಯಾಕ ತೋಯಿಸ್ಕೊಂಡಾನ?”

“ತತ್ತಿ ತಂಪಾಗ್ಲಿ ಅಂತ. ಈ ಬಿಸಿಲಿಗೆ ಬೆಂದುಹೋಗ್ತಾವಲ್ರಿ.”

ಹೊನ್ನೂರುಸ್ವಾಮಿ ಆ ಒದ್ದೆ ಗರಿಗಳನ್ನೇ ನೋಡಿದ. ನಾಳೆಯಿಂದ ಮನೆ ಬಿಕೋ ಎನ್ನುತ್ತದೆ ಎಂಬ ಸಂಕಟ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿತ್ತು: ಟಿಪ್ಪರ್ ಬಿಟ್ಟರೆ ಬೇರೇನೂ ಬಾರದ ತಾನು ಒಂದು ಕೂಸಿಗೆ ಅಪ್ಪನಾಗುವುದು ಹೇಗೆ ಎಂದು. ಏಳು ತಿಂಗಳಲ್ಲಿ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಗಾಯತ್ರಿ ಸೊಂಟಕ್ಕೆ ಕೈಯೂರಿ ಎದ್ದಳು. “ಕಣ್ತುಂಬ್ತು ನೋಡ್ರಿ. ನಡೀರಿ ಹೋಗಾಣ, ಅತ್ತಿ ಕಾಯ್ತಿರ್ತಾರ.”

ಅವನು ಅವಳ ಮುಂಗೈ ಹಿಡಿದು ಮೆಲ್ಲಗೆ ಕೆಳಗೆ ಜಗ್ಗಿದ. ಕಣ್ಣು ಮಾತ್ರ ಹಕ್ಕಿಯ ಮೇಲೇ ಇತ್ತು.

“ಕುಂದ್ರು. ಆಕಿ ವಾಪಸ್ ಬರೋ ತನಕ ಇವ ಏಳದ ಕುಂದಿರ್ತಾನೇನು, ಅದನ್ನ ನಾ ನೋಡಬೇಕು.”