ಚಂಪಿಯ ಚಟ

ಚಂಪಿ ಮತ್ತೆ ಎಮ್ಮೆಯ ನೀರಿನ ಬಾನಿಗೆ ಮೂತಿ ಹಾಕಿತ್ತು.

ಬೆಳಿಗ್ಗೆ ತುಂಬಿಟ್ಟ ಬೋಗುಣಿ ಖಾಲಿ. ಬಚ್ಚಲ ಹೊರಗಿನ ಬಕೆಟ್ಟು ಅರ್ಧಕ್ಕಿಳಿದಿತ್ತು. ಈಗ ಬಾನಿ. ಕಾಶಿಬಾಯಿ ಪೊರಕೆ ಎತ್ತಿದಳು, ನಾಯಿ ಓಡಲಿಲ್ಲ. ಕಣ್ಣೆತ್ತಿ ಅವಳನ್ನೇ ನೋಡುತ್ತ ಲೊಚಲೊಚ ಕುಡಿಯಿತು. ನಿಂತಲ್ಲೇ ಉಚ್ಚೆ ಹೊಯ್ದು ಮತ್ತೆ ಕುಡಿಯಿತು.

“ಹೊಡೀಬ್ಯಾಡ ಅದನ್ನ,” ಎಂದ ಗಂಡ ಸೋಮನಿಂಗ ಹಿಂದಿನಿಂದ. “ಸೀರಿ ಬದಲಿಸು. ದವಾಖಾನಿಗೆ ಒಯ್ಯೂಣು.”

ಎತ್ತಿದ ಪೊರಕೆ ಕಾಶಿಬಾಯಿಯ ಕೈಯಲ್ಲೇ ಉಳಿಯಿತು. ಮದುವೆಯಾದ ಮರುವರ್ಷ ಅವಳು ಜ್ವರದಲ್ಲಿ ಬೆಂದಾಗ ಗುಳಿಗೆ ತಂದುಕೊಟ್ಟವಳು ಪಕ್ಕದ ಮನೆಯ ಮರೆವ್ವ, ಗಂಡನಲ್ಲ. ಗಂಡನಿಗೆ ಅಂಗಡಿಯೇ ಲೋಕ. ಬಿ.ಎಸ್ಸಿ. ಓದಿ ಸಿಂದಗಿಯಲ್ಲಿ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧ ಮಾರುತ್ತಿದ್ದ. ಮಾತನ್ನೂ ತೂಗಿಯೇ ಕೊಡುವ ಮನುಷ್ಯ. ಚಂಪಿಯಾದರೋ ಅವಳ ತವರಿನ ನಾಯಿ. ಅಪ್ಪ ಸತ್ತ ಮೇಲೆ ಕನ್ನೊಳ್ಳಿಯಿಂದ ಅವಳ ಹಿಂದೆಯೇ ಬಂದದ್ದು. ಮೊನ್ನೆ ಮೊನ್ನೆಯವರೆಗೆ ಸೋಮನಿಂಗ ಅದನ್ನು ಕಂಡರೆ ಕಲ್ಲು ಹುಡುಕುತ್ತಿದ್ದ.

ದನದ ಡಾಕ್ಟರು ಸುನೀಲಕುಮಾರ ಚಂಪಿಯ ತುಟಿ ಎತ್ತಿ ನೋಡಿದರು, ಹೊಟ್ಟೆ ಒತ್ತಿದರು. ಅವರು ಕೇಳುವ ಮೊದಲೇ ಸೋಮನಿಂಗ ಅದರ ತೂಕ ಹೇಳಿದ: ಹದಿನೆಂಟೂವರೆ ಕಿಲೋ. ಅಂಗಡಿಯಲ್ಲಿ ಚೀಲ ತೂಗುವ ಯಂತ್ರದ ಮೇಲೆ ನಿಲ್ಲಿಸಿ ನೋಡಿದ್ದನಂತೆ. ರಕ್ತ ತೆಗೆದರು, ಮೂತ್ರ ಹಿಡಿದರು.

“ಸಕ್ಕರಿ ಇಲ್ರಿ. ಕಿಡ್ನಿನೂ ಚಲೋ ಅದಾವು,” ಎಂದರು ಡಾಕ್ಟರು ಕೊನೆಗೆ.

“ರಕ್ತದಾಗ ಮತ್ತೇನರ ಕಾಣಸ್ತೈತೇನ್ರಿ?”

“ಏನೇನೂ ಇಲ್ಲ. ಕೆಲವು ನಾಯಿಗೋಳು ಮನಸಿಗೆ ಬ್ಯಾಸರಾದ್ರ ಹಿಂಗ ಮಾಡ್ತಾವು. ಮನ್ಯಾಗ ಜಗಳಾ ಗಿಗಳಾ ಆಗಿತ್ತೇನು? ಬ್ಯಾನಿ ಅಲ್ರಿ ಇದು, ಚಟ.”

ಸೋಮನಿಂಗ ನಿಡಿದಾಗಿ ಉಸಿರು ಬಿಟ್ಟ. ಕಾಶಿಬಾಯಿ ತಲೆ ತಗ್ಗಿಸಿದಳು.

ಜಗಳವಾಗಿತ್ತು. ಕನ್ನೊಳ್ಳಿಯ ಕಾಲುವೆ ಪಕ್ಕದ ಹೊಲವನ್ನು ಅಪ್ಪ ಬದುಕಿದ್ದಾಗಲೇ ಅವಳ ಹೆಸರಿಗೆ ಬರೆದುಕೊಟ್ಟಿದ್ದ. ಮಾರೋಣ, ಸಹಿ ಹಾಕು ಎಂದು ಸೋಮನಿಂಗ. ಜೀವ ಹೋದರೂ ಹಾಕೆನೆಂದು ಅವಳು. ಯುಗಾದಿಯವರೆಗೂ ಮನೆಯಲ್ಲಿ ತಾಟು ಹಾರಿದ್ದವು. ಆಮೇಲೆ ಒಂದು ದಿನ ಅವನು ಥಟ್ಟನೆ ತಣ್ಣಗಾದ. ಹೊಲದ ಸುದ್ದಿಯನ್ನೇ ಬಿಟ್ಟ. ಸಂಜೆ ಅಂಗಡಿಯಿಂದ ಬಂದು, ಹಾಲಿನಲ್ಲಿ ರೊಟ್ಟಿ ಕಲಸಿ, ತಾನೇ ಚಂಪಿಯ ಮುಂದಿಡತೊಡಗಿದ. ಕಲ್ಲೂ ಕರಗುತ್ತದೆ ಎಂದು ಕಾಶಿಬಾಯಿ ಮರೆವ್ವನ ಮುಂದೆ ಹೇಳಿಕೊಂಡಿದ್ದಳು. ಜಗಳ ಮನೆಯಲ್ಲಿ ನಿಂತಿತು, ನಾಯಿಯ ಎದೆಯಲ್ಲಿ ನಿಲ್ಲಲಿಲ್ಲ ಎಂದು ಈಗ ಅನ್ನಿಸಿತು. ಪಾಪದ ಪ್ರಾಣಿ. ತನ್ನ ಹಟದ ಫಲವನ್ನು ಅದು ಉಣ್ಣುತ್ತಿದೆ.

ಸೋಮನಿಂಗ ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ವಾರ ಇಂಡಿ. ಆಮೇಲೆ ಮುದ್ದೇಬಿಹಾಳ. ಕೊನೆಗೆ ಬಸವನ ಬಾಗೇವಾಡಿ. ಬೈಕಿನ ಹಿಂದೆ ಕಾಶಿಬಾಯಿ, ಅವಳ ತೊಡೆಯ ಮೇಲೆ ಚಂಪಿ.

“ನನಗ ಜ್ವರ ಬಂದಾಗ ಓಣಿ ದಾಟಲಿಲ್ಲ. ನಾಯಿಗೆ ನಾಕು ತಾಲೂಕ ತಿರಗಾಕತ್ತೀರಿ!” ಎಂದು ಮನಗೂಳಿಯಲ್ಲಿ ಚಹಾಕ್ಕೆ ನಿಂತಾಗ ಕೆಣಕಿದಳು.

“ಒಬ್ಬ ಡಾಕ್ಟ್ರ ಮಾತ ಹೆಂಗ ನಂಬೂದು? ನಾಕೂ ಮಂದಿ ಒಂದ ಮಾತ ಅಂದ್ರ ಖಾತ್ರಿ.”

ನಾಲ್ವರೂ ಒಂದೇ ಮಾತು ಅಂದರು. ಚಟ.

ಬಾಗೇವಾಡಿಯಿಂದ ತಿರುಗಿ ಬರುವಾಗ ಅವನು ಅಂಗಡಿಯ ಮುಂದೆ ಬೈಕು ನಿಲ್ಲಿಸಿದ. ಬಾಗಿಲು ತೆಗೆದು ಯಂತ್ರ ತೋರಿಸಿದ.

“ಬಾ, ನಿಂದೂ ತೂಕ ನೋಡೂಣು.”

“ಅಯ್ಯ, ಮಂದಿ ನಗ್ತಾರ! ನಾ ಏನ ಗೊಬ್ಬರದ ಚೀಲ ಏನ್ರಿ?”

“ಹತ್ತ ಅಂದ್ರ ಹತ್ತು... ಐವತ್ತೈದೂವರಿ. ಬರೋಬ್ಬರಿ ಮೂರು ಚಂಪಿ ಆದಿ ನೋಡು!”

ಅವನು ನಕ್ಕ. ಈ ಮನೆಗೆ ಬಂದ ಮೇಲೆ ಅವನು ತನ್ನೊಡನೆ ಆಡಿದ ಮೊದಲ ಚೇಷ್ಟೆ ಅದು. ಮನೆ ಮುಟ್ಟುವವರೆಗೆ ಕಾಶಿಬಾಯಿ ಸೆರಗಿನ ಮರೆಯಲ್ಲಿ ನಗುತ್ತಲೇ ಇದ್ದಳು.

ಕಾರಹುಣ್ಣಿಮೆಯ ಮರುದಿನ ಚಂಪಿ ಸತ್ತಿತು. ಬಾನಿಯ ಬುಡದಲ್ಲಿ ಕಾಲು ಚಾಚಿ ಬಿದ್ದಿತ್ತು. ನಾಲಿಗೆ ಹೊರಗೆ, ಮೂತಿಯಿಂದ ಇನ್ನೂ ನೀರು ಸೋರುತ್ತಿತ್ತು. ಸುನೀಲಕುಮಾರ ಬಂದು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು.

“ಕೊಯ್ದು ನೋಡಬೇಕೇನ್ರಿ?” ಎಂದು ಕೇಳಿದ ಸೋಮನಿಂಗ.

“ಯಾತಕ್ರಿ? ವಯಸ್ಸಾಗಿತ್ತು, ಹೋತು. ಹುಗದ ಬಿಡ್ರಿ.”

ಬೇವಿನ ಗಿಡದ ಕೆಳಗೆ ಸೋಮನಿಂಗ ತಾನೇ ತಗ್ಗು ತೋಡಿದ. ಆಳುಗಳನ್ನು ಕರೆಯಲಿಲ್ಲ. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗಂಟಿತ್ತು. ಅದನ್ನು ನೋಡುತ್ತ ಕಾಶಿಬಾಯಿಯ ಹಟ ಅಲ್ಲಿಯೇ ಮುರಿಯಿತು.

“ಹೊಲಾ ಮಾರ್ರಿ,” ಎಂದಳು ಅಳುತ್ತ. “ಎಲ್ಲಿ ಅಂತೀರಿ ಅಲ್ಲಿ ಸಹಿ ಹಾಕ್ತೇನಿ. ನನ್ನ ಸಲುವಾಗಿ ಒಂದು ಜೀವ ಹೋತು.”

ಸೋಮನಿಂಗ ಗುದ್ದಲಿಗೆ ಹತ್ತಿದ ಮಣ್ಣು ಕೊಡವಿದ.

“ಬ್ಯಾಡ ಬಿಡು. ಇನ್ನ ಸಹಿದೇನು ಜರೂರಿಲ್ಲ.”

ಇಷ್ಟು ದೊಡ್ಡ ಮನಸ್ಸನ್ನು ಇಷ್ಟು ವರ್ಷ ಗುರುತಿಸದೆ ಹೋದೆನಲ್ಲ ಎಂದು ಅವಳು ಇನ್ನಷ್ಟು ಅತ್ತಳು.

ಮರುದಿನ ಅವಳು ಏಳುವ ಮೊದಲೇ ಒಲೆ ಹತ್ತಿತ್ತು. ಹಾಸಿಗೆಯ ಬಳಿಗೇ ಚಹಾ ಬಂತು. ಶುಂಠಿ ಜಜ್ಜಿ ಹಾಕಿದ್ದ. ಬೆಲ್ಲ ತುಸು ಹೆಚ್ಚೇ ಇತ್ತು.

“ಇನ್ನ ಮುಂಜಾನಿ ಚಹಾ ದಿನಾ ನಾನ ಮಾಡ್ತೇನಿ. ನೀ ಒಲಿ ಮುಂದ ಬರಬ್ಯಾಡ.”

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮರೆವ್ವ ಹೋಳಿಗೆ ಹಿಡಿದು ಬಂದಾಗ ಕಾಶಿಬಾಯಿ ಪಡಸಾಲೆಯಲ್ಲಿ ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದಳು. ಮುಗಿಸಿ, ಕೊಡಕ್ಕೆ ಅದ್ದಿ, ಮತ್ತೆ ಎತ್ತಿದಳು. ರವಿಕೆಯೆಲ್ಲ ತೊಯ್ದಿತ್ತು.

“ಏನ ಕಾಶಿ, ಕೆರಿ ಬತ್ತಿಸೂ ಪಣಾ ತೊಟ್ಟಿಯೇನ?”

“ನೀರಡಿಕಿ ನಿಲ್ಲವಲ್ದು ಅಕ್ಕಾ. ಎಷ್ಟ ಕುಡದ್ರೂ ನಾಲಿಗಿ ಒಣಗತೈತಿ.”

ಮರೆವ್ವನ ನಗು ನಿಂತಿತು. ಒಳಗಿನಿಂದ ಬಂದ ಸೋಮನಿಂಗನ ಕಡೆ ತಿರುಗಿದಳು. “ದವಾಖಾನಿಗೆ ತೋರಿಸೋ ತಮ್ಮಾ.”

“ತೋರಸೂದೇನೈತಿ ಅಕ್ಕಾ?” ಎನ್ನುತ್ತ ಅವನು ಚಹಾದ ಬಟ್ಟಲನ್ನು ಹೆಂಡತಿಯ ಕೈಗಿತ್ತ. “ಬ್ಯಾನಿ ಅಲ್ಲ ಇದು, ಚಟ.”