ಕಸ್ತೂರಿ ಸ್ಮಾರಕ ಪದಕ

ಪ್ರಯೋಗದ ಹೊಲದಲ್ಲಿ ಹಾವು ಕಚ್ಚಿ ಕಸ್ತೂರಿ ತೀರಿಕೊಂಡಳೆಂಬ ಸುದ್ದಿ ತಂದವರು ಅವಳ ಸಂಶೋಧನೆಯ ಗುರುಗಳೇ. ತಾಯಿ ಶಾಂತವ್ವ ಎದೆ ಬಡಿದುಕೊಂಡು ಅತ್ತಳು.

“ಜೋಳದ ತೆನಿ ಕರ್ರಗ ಮಾಡೋ ಕಾಡಿಗೆ ರೋಗಕ್ಕ ಆಕಿ ಕಂಡುಹಿಡಿದ ಮದ್ದು ಮಣ್ಣುಪಾಲಾಗಬಾರದು, ತಾಯಿ. ಆಕಿ ಬರೆದಿಟ್ಟ ಪುಸ್ತಕ ಕೊಡ್ರಿ. ಶಿಷ್ಯವೇತನ ಕೊಟ್ಟ ಪ್ರತಿಷ್ಠಾನಕ್ಕ ಮುಟ್ಟಸ್ತೀನಿ,” ಎಂದರು ಗುರುಗಳು.

“ಒಯ್ಯಿರಿ ಸರ. ಇದು ನನ್ನ ಕೂಸು ಕಂಡುಹಿಡಿದದ್ದು ಅಂತ ನಾಕು ಮಂದಿಗೆ ಗೊತ್ತಾದ್ರ ಸಾಕು.”

ವರ್ಷದ ಮೇಲೆ ಪ್ರತಿಷ್ಠಾನದ ಅಧ್ಯಕ್ಷರು ಶಾಂತವ್ವನನ್ನು ವೇದಿಕೆಗೆ ಕರೆಸಿ, ಮಗಳ ಹೆಸರು ಕೆತ್ತಿದ ಚಿನ್ನದ ಪದಕವನ್ನು ಅವಳ ಕೈಗಿಟ್ಟರು.

“ಕಾಡಿಗೆ ರೋಗಕ್ಕ ಮದ್ದು ಕಂಡುಹಿಡಿದವರಿಗೆ ನಿಮ್ಮ ಕೈಯಾರೆ ತೊಡಿಸ್ರಿ, ಅವ್ವಾರ.”

ಗುರುಗಳು ಮುಂದೆ ಬಂದು, ಕೊರಳು ಬಾಗಿಸಿ ಪದಕ ತೊಡಿಸಿಕೊಂಡು, ಸಭೆಗೆ ಕೈಮುಗಿದು ಪ್ರಾರ್ಥಿಸಿದರು: “ದೇವರು ನಮ್ಮ ಕಸ್ತೂರಿಯ ಆತ್ಮಕ್ಕೆ ಶಾಂತಿ ಕೊಡಲಿ.”